ಥರ್ಮೋಕಪಲ್ ಇನ್‌ಪುಟ್ ಮಾಡ್ಯೂಲ್‌ಗಳ ಕ್ಯಾಲಿಬ್ರೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು, ರೋಸ್ಟಿಂಗ್ ಘಟಕಗಳು, ಡೇರಿಗಳು, ಬಾಯ್ಲರ್ ಮನೆಗಳು ಹಾಗೂ ಹೀಟ್ ಟ್ರೀಟ್‌ಮೆಂಟ್ ಕುಲುಮೆಗಳಲ್ಲಿ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಪ್ಯಾನಲ್‌ಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಥರ್ಮೋಕಪಲ್ ಎಂದರೆ ಎರಡು ಬೇರೆ ಲೋಹದ ತಂತಿಗಳಿಂದ ಮಾಡಿದ ಉಷ್ಣತೆಯ ಸೆನ್ಸರ್. ಅದರ ವೋಲ್ಟೇಜನ್ನು ಪಿಎಲ್‌ಸಿಗಾಗಿ ಡಿಗ್ರಿಗೆ ಬದಲಿಸುವುದು ಇನ್‌ಪುಟ್ ಮಾಡ್ಯೂಲ್. ಓದನ್ನು ಗೊತ್ತಿರುವ ಮೌಲ್ಯದೊಂದಿಗೆ ಹೋಲಿಸಿ ನೋಡುವುದೇ ಕ್ಯಾಲಿಬ್ರೇಶನ್. ಮಾಡ್ಯೂಲ್‌ನ ತಯಾರಕರು ಕೊಟ್ಟ ಕೈಪಿಡಿಗೆ ಇದು ಬದಲಿಯಲ್ಲ. ಕೈಪಿಡಿ ಹೇಳುವ ಕ್ರಮ ಇಲ್ಲಿಗಿಂತ ಭಿನ್ನವಾಗಿದ್ದರೆ ಕೈಪಿಡಿಯನ್ನೇ ಅನುಸರಿಸಬೇಕು.

ಮಾಡ್ಯೂಲ್ ಕ್ಯಾಲಿಬ್ರೇಶನ್ ಮತ್ತು ಥರ್ಮೋಕಪಲ್ ಕ್ಯಾಲಿಬ್ರೇಶನ್ ಎರಡೂ ಒಂದೇ ಅಲ್ಲವೇ?

ಅಲ್ಲ. ಥರ್ಮೋಕಪಲ್ ಕ್ಯಾಲಿಬ್ರೇಶನ್‌ನಲ್ಲಿ ಸೆನ್ಸರನ್ನು ಡ್ರೈ ಬ್ಲಾಕ್ (ನಿಗದಿತ ಉಷ್ಣತೆಯಲ್ಲಿಟ್ಟ ಲೋಹದ ತುಂಡು) ಅಥವಾ ಬಾತ್‌ನಲ್ಲಿ (ಅದೇ ರೀತಿಯ ದ್ರವದ ತೊಟ್ಟಿ) ಇಟ್ಟು, ಅದು ಕೊಡುವ ವೋಲ್ಟೇಜ್ ಥರ್ಮೋಕಪಲ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60584ರ ಕೋಷ್ಟಕಕ್ಕೆ ಎಷ್ಟು ಹತ್ತಿರವಿದೆ ಎಂದು ನೋಡುತ್ತೇವೆ. ಮಾಡ್ಯೂಲ್ ಕ್ಯಾಲಿಬ್ರೇಶನ್‌ನಲ್ಲಿ ಸೆನ್ಸರ್ ಇರುವುದೇ ಇಲ್ಲ. ಅದರ ಜಾಗದಲ್ಲಿ ಗೊತ್ತಿರುವ ವೋಲ್ಟೇಜನ್ನು ನಾವೇ ಕೊಟ್ಟು, ಪಿಎಲ್‌ಸಿ ಅದನ್ನು ಎಷ್ಟು ಡಿಗ್ರಿ ಎಂದು ಓದುತ್ತದೆ ಎಂಬುದನ್ನು ಬರೆದುಕೊಳ್ಳುತ್ತೇವೆ. ಮಾಡ್ಯೂಲ್ ಸರಿಯಾಗಿದೆ ಎಂಬ ಸರ್ಟಿಫಿಕೇಟ್ ಕೈಯಲ್ಲಿದ್ದ ಮಾತ್ರಕ್ಕೆ ಡ್ರಮ್ಮಿನೊಳಗಿನ ಕಾಫಿ ಬೀಜದ ಉಷ್ಣತೆ ಸರಿಯಾಗಿ ಕಾಣುತ್ತಿದೆ ಎಂದಾಗುವುದಿಲ್ಲ. ತಂತಿಯ ಲೋಹಗಳ ಜೋಡಿಗೆ ತಕ್ಕಂತೆ ಥರ್ಮೋಕಪಲ್‌ಗಳನ್ನು ಕೆ, ಜೆ, ಎಸ್, ಬಿ ಮುಂತಾದ ಟೈಪ್‌ಗಳಾಗಿ, ನಿಖರತೆಗೆ ತಕ್ಕಂತೆ ಕ್ಲಾಸ್‌ಗಳಾಗಿ ವಿಂಗಡಿಸುತ್ತಾರೆ. ಕ್ಲಾಸ್ 2 ದರ್ಜೆಯ ಹೊಸ ಕೆ ಟೈಪ್ ಥರ್ಮೋಕಪಲ್‌ಗೇ 333 ಡಿಗ್ರಿ ಸೆಲ್ಸಿಯಸ್‌ವರೆಗೆ ±2.5 ಡಿಗ್ರಿ ವ್ಯತ್ಯಾಸಕ್ಕೆ ಅವಕಾಶವಿದೆ, ಕ್ಲಾಸ್ 1ಕ್ಕೆ ಅದೇ ವ್ಯಾಪ್ತಿಯಲ್ಲಿ ±1.5 ಡಿಗ್ರಿ. ಇದಕ್ಕೆ ಹೋಲಿಸಿದರೆ ಆರೋಗ್ಯವಾಗಿರುವ ಮಾಡ್ಯೂಲ್‌ನ ದೋಷ ಬಹುತೇಕ ಸಂದರ್ಭಗಳಲ್ಲಿ ಚಿಕ್ಕದು. ಆದ್ದರಿಂದ ಓದು ತಪ್ಪಿದೆ ಎಂಬ ದೂರು ಬಂದಾಗ ಮಾಡ್ಯೂಲನ್ನು ಅನುಮಾನಿಸುವುದು ಕೊನೆಯ ಹೆಜ್ಜೆಯಾಗಿರಬೇಕೇ ಹೊರತು ಮೊದಲನೆಯದಾಗಬಾರದು.

ಕೋಲ್ಡ್ ಜಂಕ್ಷನ್ ಎಂದರೇನು? ಅದಕ್ಕೆ ಇಷ್ಟೊಂದು ಮಹತ್ವ ಏಕೆ?

ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಸೇರಿಸಿ ಒಂದು ತುದಿಯನ್ನು ಬಿಸಿ ಮಾಡಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಥಾಮಸ್ ಸೀಬೆಕ್ 1821ರಲ್ಲಿ ಗಮನಿಸಿದ. ಹೀಗೆ ಹುಟ್ಟುವ ವೋಲ್ಟೇಜ್ ಬಿಸಿ ತುದಿಯ ಉಷ್ಣತೆಯನ್ನಷ್ಟೇ ಹೇಳುವುದಿಲ್ಲ, ಎರಡು ತುದಿಗಳ ಉಷ್ಣತೆಗಳ ನಡುವಿನ ಅಂತರವನ್ನು ಹೇಳುತ್ತದೆ. ಎರಡನೆಯ ತುದಿ ಇರುವುದು ನಮ್ಮ ಪ್ಯಾನಲ್‌ನಲ್ಲಿ, ಮಾಡ್ಯೂಲ್‌ನ ಟರ್ಮಿನಲ್ ಬ್ಲಾಕ್‌ನಲ್ಲಿ. ಅಲ್ಲಿನ ಉಷ್ಣತೆಯನ್ನು ಚಿಕ್ಕ ಥರ್ಮಿಸ್ಟರ್ ಅಥವಾ ಐಸಿ ಸೆನ್ಸರ್ ಅಳೆಯುತ್ತದೆ. ಮಾಡ್ಯೂಲ್ ಆ ಉಷ್ಣತೆಗೆ ಸಮನಾದ ವೋಲ್ಟೇಜನ್ನು ಒಳಬಂದ ವೋಲ್ಟೇಜಿಗೆ ಕೂಡಿಸಿ, ನಂತರ ಕೋಷ್ಟಕದ ಪ್ರಕಾರ ಡಿಗ್ರಿಗೆ ಪರಿವರ್ತಿಸುತ್ತದೆ.

ಕೆ ಟೈಪ್‌ನಲ್ಲಿ ಒಂದು ಡಿಗ್ರಿ ಎಂದರೆ ಕೇವಲ 40 ಮೈಕ್ರೋವೋಲ್ಟ್ ಆಸುಪಾಸು. ±80 ಮಿಲಿವೋಲ್ಟ್ ವ್ಯಾಪ್ತಿಯ 16 ಬಿಟ್ ಪರಿವರ್ತಕದಲ್ಲಿ (ಮಾಡ್ಯೂಲ್‌ನಲ್ಲಿ ವೋಲ್ಟೇಜನ್ನು ಅಂಕಿಗೆ ಬದಲಿಸುವ ಭಾಗ) ಒಂದು ಹೆಜ್ಜೆ ಸುಮಾರು 2.4 ಮೈಕ್ರೋವೋಲ್ಟ್, ಅಂದರೆ 0.06 ಡಿಗ್ರಿ. ಪರಿವರ್ತಕ ಇಷ್ಟು ಸೂಕ್ಷ್ಮವಾಗಿದ್ದರೂ ಟರ್ಮಿನಲ್‌ನ ಉಷ್ಣತೆಯನ್ನು ಎರಡು ಡಿಗ್ರಿ ತಪ್ಪಾಗಿ ಅಳೆದರೆ ಅಂತಿಮ ಓದಿನಲ್ಲಿ ಹೆಚ್ಚೂಕಡಿಮೆ ಎರಡು ಡಿಗ್ರಿಯೇ ತಪ್ಪುತ್ತದೆ. ಎಸ್ ಟೈಪ್‌ನಲ್ಲಿ 1000 ಡಿಗ್ರಿಯ ಹತ್ತಿರ ಈ ತಪ್ಪು ಅರ್ಧದಷ್ಟಾಗುತ್ತದೆ. ಬಿ ಟೈಪ್ ಮಾತ್ರ ಅದೃಷ್ಟವಂತ: ಅದು 0ಯಿಂದ 50 ಡಿಗ್ರಿಯವರೆಗೆ ಹೆಚ್ಚುಕಡಿಮೆ ವೋಲ್ಟೇಜನ್ನೇ ಕೊಡದಿರುವುದರಿಂದ ಕೋಲ್ಡ್ ಜಂಕ್ಷನ್‌ನ ದೋಷ ಅದಕ್ಕೆ ತಟ್ಟುವುದೇ ಇಲ್ಲ.

ಕುದಿಯುವ ನೀರಿನಲ್ಲಿ ಅದ್ದಿದರೂ 100 ತೋರಿಸುತ್ತಿಲ್ಲ, 97 ತೋರಿಸುತ್ತದೆ. ಮಾಡ್ಯೂಲ್‌ಗೆ ಮೂರು ಡಿಗ್ರಿ ಆಫ್‌ಸೆಟ್ (ಓದಿಗೆ ಸದಾ ಕೂಡಿಸುವ ತಿದ್ದುಪಡಿ) ಕೊಡಬಹುದೇ?

ಖಂಡಿತ ಕೊಡಬಾರದು. ನಮ್ಮ ಕಡೆ ಅತಿ ಹೆಚ್ಚು ಹಾನಿ ಮಾಡಿರುವ ‘ಕ್ಯಾಲಿಬ್ರೇಶನ್’ ಇದೇ ಎಂಬುದು ನನ್ನ ಅನುಭವ. ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದ ವಾಯುಒತ್ತಡದಲ್ಲಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಯ ಹತ್ತಿರದಲ್ಲೇ ಕುದಿಯುತ್ತದೆ. ಸುಮಾರು 1090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಅದು 96.5 ಡಿಗ್ರಿ ಆಸುಪಾಸು. ಮುಳ್ಳಯ್ಯನಗಿರಿಯ ತುದಿಯಲ್ಲಿ ಒಲೆ ಹೂಡಿದರೆ 94 ಡಿಗ್ರಿಯನ್ನೂ ಮುಟ್ಟುವುದಿಲ್ಲ. 97 ತೋರಿಸಿದ ಮಾಡ್ಯೂಲ್ ನಿಜವನ್ನೇ ಹೇಳಿದೆ. ಅದಕ್ಕೆ ಮೂರು ಡಿಗ್ರಿ ಸೇರಿಸಿದರೆ ಮುಂದೆ ರೋಸ್ಟರ್‌ನಲ್ಲಿ ಬೀಜ 200 ಡಿಗ್ರಿಯ ಹತ್ತಿರ ಸಿಡಿಯತೊಡಗುವ ಹೊತ್ತಿಗೆ ಪರದೆಯ ಮೇಲೆ 203 ಕಾಣುತ್ತದೆ, ಪ್ರತಿ ಬ್ಯಾಚಿನ ಹದವೂ ಅದಕ್ಕೆ ತಕ್ಕಂತೆ ಕೆಡುತ್ತದೆ.

ಸ್ಥಳದಲ್ಲೇ ಒಂದು ಬಿಂದುವನ್ನು ಪರೀಕ್ಷಿಸಬೇಕಿದ್ದರೆ ಐಸ್ ಬಾತ್ ಎಷ್ಟೋ ಮೇಲು, ಏಕೆಂದರೆ ಎತ್ತರಕ್ಕೆ ಅದು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಶುದ್ಧ ನೀರಿನ ಮಂಜುಗಡ್ಡೆಯನ್ನು ಸಣ್ಣಗೆ ಕುಟ್ಟಿ ಥರ್ಮೋಸ್ ಫ್ಲಾಸ್ಕ್‌ನಲ್ಲಿ ತುಂಬಬೇಕು. ಸಂದುಗಳು ತುಂಬುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಐಸ್ ನೀರಿನ ಮೇಲೆ ತೇಲುವಂತಾದರೆ ತಳದ ನೀರು 4 ಡಿಗ್ರಿಯವರೆಗೂ ಇರಬಹುದು, ಆ ಪರೀಕ್ಷೆಗೆ ಬೆಲೆಯಿಲ್ಲ.

ಕ್ಯಾಲಿಬ್ರೇಟರನ್ನು (ಗೊತ್ತಿರುವ ವೋಲ್ಟೇಜ್ ಕೊಡುವ ಉಪಕರಣ) ಮಿಲಿವೋಲ್ಟ್ ಮೋಡ್‌ನಲ್ಲಿ ಇಡಬೇಕೇ, ಥರ್ಮೋಕಪಲ್ ಮೋಡ್‌ನಲ್ಲಿ ಇಡಬೇಕೇ?

ಎರಡೂ ವಿಧಾನಗಳು ಸರಿ, ಆದರೆ ಎರಡೂ ಒಂದೇ ವಿಷಯವನ್ನು ಪರೀಕ್ಷಿಸುವುದಿಲ್ಲ. ಮಿಲಿವೋಲ್ಟ್ ಮೋಡ್‌ನಲ್ಲಿ ಸಾಧಾರಣ ತಾಮ್ರದ ತಂತಿಯಲ್ಲೇ ಜೋಡಿಸಿ, ಮಾಡ್ಯೂಲನ್ನೂ ಮಿಲಿವೋಲ್ಟ್ ವ್ಯಾಪ್ತಿಗೆ ಬದಲಿಸಿದರೆ ಪರೀಕ್ಷೆಗೆ ಒಳಗಾಗುವುದು ಆಂಪ್ಲಿಫೈಯರ್ ಮತ್ತು ಪರಿವರ್ತಕ ಮಾತ್ರ. ಅನೇಕ ಮಾಡ್ಯೂಲ್‌ಗಳಲ್ಲಿ ಝೀರೋ (ಸೊನ್ನೆ ವೋಲ್ಟೇಜಿನ ಓದು) ಮತ್ತು ಗೇನ್ (ವೋಲ್ಟೇಜ್ ಏರಿದಂತೆ ಓದು ಏರುವ ಪ್ರಮಾಣ) ಹೊಂದಿಸಲು ತಯಾರಕರು ಹೇಳುವ ಕ್ರಮ ಇದೇ. ಥರ್ಮೋಕಪಲ್ ಮೋಡ್‌ನಲ್ಲಾದರೆ ಕೋಲ್ಡ್ ಜಂಕ್ಷನ್ ಸೆನ್ಸರ್ ಕೂಡ ಲೆಕ್ಕಕ್ಕೆ ಬರುತ್ತದೆ, ಆದರೆ ಕ್ಯಾಲಿಬ್ರೇಟರ್‌ನಿಂದ ಟರ್ಮಿನಲ್‌ವರೆಗೆ ಅದೇ ಟೈಪ್‌ನ ಥರ್ಮೋಕಪಲ್ ವೈರ್ ಇರಲೇಬೇಕು, ಕೆ ಟೈಪ್‌ಗೆ ಕೆ ವೈರ್, ಜೆ ಟೈಪ್‌ಗೆ ಜೆ ವೈರ್. ಪ್ಲಗ್ಗನ್ನು ಕೈಯಲ್ಲಿ ಹಿಡಿದು ಸಿಕ್ಕಿಸಿದ ಕೂಡಲೇ ಓದಬಾರದು. ಕೈಯ ಬಿಸಿ ಆರುವವರೆಗೆ ಕೆಲವು ನಿಮಿಷ ಕಾಯಬೇಕು.

ನನ್ನ ಪದ್ಧತಿ ಹೀಗಿದೆ. ಮೊದಲು ಥರ್ಮೋಕಪಲ್ ಮೋಡ್‌ನಲ್ಲಿ ಇಡೀ ಚಾನೆಲ್ಲನ್ನು (ಮಾಡ್ಯೂಲ್‌ನಲ್ಲಿ ಒಂದು ಸೆನ್ಸರ್‌ಗೆ ಮೀಸಲಾದ ಇನ್‌ಪುಟ್) ನೋಡುತ್ತೇನೆ. ಎಲ್ಲವೂ ಮಿತಿಯೊಳಗಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಮಿತಿ ಮೀರಿದ್ದರೆ ಮಾತ್ರ ಮಿಲಿವೋಲ್ಟ್ ಮೋಡ್‌ಗೆ ಹೋಗಿ ದೋಷ ಆಂಪ್ಲಿಫೈಯರ್‌ನದ್ದೋ ಕೋಲ್ಡ್ ಜಂಕ್ಷನ್‌ನದ್ದೋ ಎಂದು ಬೇರ್ಪಡಿಸುತ್ತೇನೆ.

ಥರ್ಮೋಕಪಲ್ ವೈರ್ ಇಲ್ಲ, ಮಿಲಿವೋಲ್ಟ್ ಸೋರ್ಸ್ ಮಾತ್ರ ಇದೆ. ಲೆಕ್ಕ ಹಾಕುವುದು ಹೇಗೆ?

ಟರ್ಮಿನಲ್‌ನ ಉಷ್ಣತೆಯನ್ನು ಒಳ್ಳೆಯ ತೆಳು ಪ್ರೋಬ್‌ನಿಂದ ಅಳೆದುಕೊಂಡು, ಬೇಕಾದ ಉಷ್ಣತೆಯ ವೋಲ್ಟೇಜ್‌ನಿಂದ ಟರ್ಮಿನಲ್ ಉಷ್ಣತೆಯ ವೋಲ್ಟೇಜನ್ನು ಕಳೆಯಬೇಕು. ಉದಾಹರಣೆಗೆ ಕೆ ಟೈಪ್‌ನಲ್ಲಿ 200 ಡಿಗ್ರಿಗೆ 8.138 ಮಿಲಿವೋಲ್ಟ್. ಟರ್ಮಿನಲ್ 28 ಡಿಗ್ರಿ ಇದ್ದರೆ ಅದರ ವೋಲ್ಟೇಜ್ 1.122. ಕಳೆದರೆ ಉಳಿಯುವ 7.016 ಮಿಲಿವೋಲ್ಟನ್ನು ತಾಮ್ರದ ತಂತಿಯ ಮೂಲಕ ಕೊಟ್ಟಾಗ ಪಿಎಲ್‌ಸಿ 200 ತೋರಿಸಬೇಕು.

ಇಲ್ಲಿ ಹಲವರು ಡಿಗ್ರಿಯಲ್ಲಿ ಡಿಗ್ರಿಯನ್ನು ಕಳೆದು, 172 ಡಿಗ್ರಿಯ ವೋಲ್ಟೇಜನ್ನು ಕೋಷ್ಟಕದಲ್ಲಿ ಹುಡುಕಿ ಕೊಡುತ್ತಾರೆ. ಕೆ ಟೈಪ್ ಬಹುಪಾಲು ನೇರವಾಗಿ ಏರುವುದರಿಂದ ಅಲ್ಲಿ ಈ ತಪ್ಪು ಸಿಕ್ಕಿಬೀಳುವುದಿಲ್ಲ, ವ್ಯತ್ಯಾಸ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಮಾತ್ರ. ಅದೇ ಅಭ್ಯಾಸವನ್ನು ಕುಲುಮೆಯ ಎಸ್ ಟೈಪ್‌ಗೆ ತಂದರೆ 1000 ಡಿಗ್ರಿಯಲ್ಲಿ ಸುಮಾರು 14 ಡಿಗ್ರಿ ತಪ್ಪುತ್ತದೆ. ಆದ್ದರಿಂದ ಕಳೆಯುವುದು ಯಾವಾಗಲೂ ಮಿಲಿವೋಲ್ಟ್‌ನಲ್ಲೇ ನಡೆಯಬೇಕು.

ಕ್ಯಾಲಿಬ್ರೇಟರ್ ತರುವ ಮೊದಲು ಮಾಡಬಹುದಾದ ಸುಲಭ ಪರೀಕ್ಷೆ ಇದೆಯೇ?

ಇದೆ, ಒಂದು ತುಂಡು ತಾಮ್ರದ ತಂತಿ ಸಾಕು. ಚಾನೆಲ್‌ನ ಪ್ಲಸ್ ಮತ್ತು ಮೈನಸ್ ಟರ್ಮಿನಲ್‌ಗಳನ್ನು ಅದರಿಂದ ಶಾರ್ಟ್ ಮಾಡಿದರೆ ಒಳಬರುವ ವೋಲ್ಟೇಜ್ ಸೊನ್ನೆಯಾಗುತ್ತದೆ, ಮಾಡ್ಯೂಲ್ ತನ್ನ ಟರ್ಮಿನಲ್‌ನ ಉಷ್ಣತೆಯನ್ನೇ ತೋರಿಸಬೇಕಾಗುತ್ತದೆ. ಅದನ್ನು ಪ್ರೋಬ್‌ನ ಓದಿನೊಂದಿಗೆ ಹೋಲಿಸಿ. ಹೊಂದಿಕೆಯಾದರೆ ಝೀರೋ ಮತ್ತು ಕೋಲ್ಡ್ ಜಂಕ್ಷನ್ ಎರಡೂ ಬಹುಮಟ್ಟಿಗೆ ಸರಿಯಾಗಿವೆ ಎಂದು ತಿಳಿಯಬಹುದು. ಪರೀಕ್ಷೆಗೆ ಮೊದಲು ಆ ಲೂಪನ್ನು (ಓದು ನೋಡಿ ಬರ್ನರನ್ನು ತಾನಾಗಿ ನಡೆಸುವ ನಿಯಂತ್ರಣ) ಮ್ಯಾನ್ಯುಯಲ್‌ಗೆ ಹಾಕಲು ಮರೆಯಬೇಡಿ. ಬರ್ನರ್ ಉರಿಯುತ್ತಿರುವಾಗ ಪಿಎಲ್‌ಸಿಗೆ 30 ಡಿಗ್ರಿ ಕಂಡರೆ ಅದು ಪೂರ್ತಿ ಬೆಂಕಿ ಕೊಡುತ್ತದೆ.

ಒಂದು ಚಾನೆಲ್ ಮಾತ್ರ ತಪ್ಪು ಓದುತ್ತಿದೆ, ಉಳಿದವು ಸರಿಯಾಗಿವೆ. ಏನಿರಬಹುದು?

ಹೆಚ್ಚಾಗಿ ಸೆನ್ಸರ್, ಕೇಬಲ್ ಅಥವಾ ಸಡಿಲವಾದ ಸ್ಕ್ರೂ. ಪಕ್ಕದ ಸರಿಯಾದ ಚಾನೆಲ್‌ಗೆ ಅದೇ ಸೆನ್ಸರನ್ನು ಬದಲಿಸಿ ಕಟ್ಟಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಎಲ್ಲ ಚಾನೆಲ್‌ಗಳೂ ಒಂದೇ ಪ್ರಮಾಣದಲ್ಲಿ, ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ಕೋಲ್ಡ್ ಜಂಕ್ಷನ್ ಸೆನ್ಸರ್ ಕಡೆ ನೋಡಬೇಕು. ಉಷ್ಣತೆ ಏರಿದಂತೆ ದೋಷವೂ ಏರುತ್ತಿದ್ದರೆ ಅದು ಗೇನ್‌ನ ದೋಷ.

ರೋಸ್ಟರ್‌ನ ಓದು ಬೆಳಿಗ್ಗೆ ಸರಿಯಾಗಿರುತ್ತದೆ, ಯಂತ್ರ ಬಿಸಿಯಾದ ಮೇಲೆ ಹತ್ತು ಹದಿನೈದು ಡಿಗ್ರಿ ಕಡಿಮೆ ತೋರಿಸುತ್ತದೆ. ಮಾಡ್ಯೂಲ್ ಡ್ರಿಫ್ಟ್ ಆಗುತ್ತಿದೆಯೇ?

ಚಿಕ್ಕಮಗಳೂರಿನ ಹತ್ತಿರದ ಒಂದು ಘಟಕದಲ್ಲಿ ಇದೇ ದೂರಿಗಾಗಿ ಎರಡು ಬಾರಿ ಮಾಡ್ಯೂಲ್ ಬದಲಿಸಿದ್ದರು. ನಾನು ಹೋದಾಗ ಸೆನ್ಸರ್ ಹೆಡ್‌ನಿಂದ (ಸೆನ್ಸರ್‌ಗೆ ಕೇಬಲ್ ಕಟ್ಟುವ ಡಬ್ಬಿ) ಪ್ಯಾನಲ್‌ವರೆಗೆ ಎಳೆದಿದ್ದುದು ಸಾಧಾರಣ ತಾಮ್ರದ ಕಂಟ್ರೋಲ್ ಕೇಬಲ್ ಎಂದು ಗೊತ್ತಾಯಿತು. ಹಳೆಯ ಕೇಬಲನ್ನು ಇಲಿ ಕಡಿದಿತ್ತು, ಸೀಸನ್ ನಡುವೆ ಕೈಗೆ ಸಿಕ್ಕಿದ್ದನ್ನು ಎಳೆದಿದ್ದರು.

ತಾಮ್ರದ ಕೇಬಲ್ ಹಾಕಿದಾಗ ಕೋಲ್ಡ್ ಜಂಕ್ಷನ್ ಪ್ಯಾನಲ್‌ನಿಂದ ಸೆನ್ಸರ್ ಹೆಡ್‌ಗೆ ಸರಿದುಬಿಡುತ್ತದೆ, ಆದರೆ ಮಾಡ್ಯೂಲ್ ಪ್ಯಾನಲ್‌ನ ಉಷ್ಣತೆಯನ್ನೇ ಕೂಡಿಸುತ್ತಿರುತ್ತದೆ. ಹೆಡ್ 45 ಡಿಗ್ರಿ, ಪ್ಯಾನಲ್ 28 ಡಿಗ್ರಿ ಇದ್ದರೆ ಓದು ಸುಮಾರು 17 ಡಿಗ್ರಿ ಕಡಿಮೆಯಾಗುತ್ತದೆ. ಬೆಳಿಗ್ಗೆ ಎರಡೂ ಒಂದೇ ಉಷ್ಣತೆಯಲ್ಲಿರುವುದರಿಂದ ತಪ್ಪು ಕಾಣುವುದಿಲ್ಲ. ಇನ್ನೊಂದು ಮೋಸದ ಸನ್ನಿವೇಶ ಎಂದರೆ ಸರಿಯಾದ ಎಕ್ಸ್‌ಟೆನ್ಶನ್ ಕೇಬಲ್ಲನ್ನೇ (ಥರ್ಮೋಕಪಲ್‌ನ ಟೈಪ್‌ಗೆ ಹೊಂದುವ ಲೋಹಗಳ ಕೇಬಲ್) ಎರಡೂ ಕಡೆ ತಿರುಗಾಮುರುಗ ಕಟ್ಟಿರುವುದು. ಒಂದು ಕಡೆ ತಿರುಗಿದ್ದರೆ ಬಿಸಿ ಹೆಚ್ಚಿದಂತೆ ಓದು ಇಳಿಯುವುದರಿಂದ ಯಾರಿಗಾದರೂ ತಿಳಿಯುತ್ತದೆ. ಎರಡೂ ಕಡೆ ತಿರುಗಿದ್ದರೆ ಓದು ಏರಬೇಕಾದಾಗ ಏರುತ್ತದೆ, ಆದರೆ ಮೇಲಿನದೇ ಉದಾಹರಣೆಯಲ್ಲಿ ತಪ್ಪು 17ರ ಬದಲು 34 ಡಿಗ್ರಿ ಆಗುತ್ತದೆ.

ಬಣ್ಣಗಳ ಗೊಂದಲವೂ ಇದಕ್ಕೆ ಕಾರಣ. ಐಇಸಿ ಪದ್ಧತಿಯಲ್ಲಿ ಕೆ ಟೈಪ್‌ನ ಪ್ಲಸ್ ಹಸಿರು, ಮೈನಸ್ ಬಿಳಿ. ಅಮೆರಿಕದ ಪದ್ಧತಿಯಲ್ಲಿ ಪ್ಲಸ್ ಹಳದಿ, ಮೈನಸ್ ಕೆಂಪು. ಡಿಸಿ ಸಪ್ಲೈನಲ್ಲಿ ಕೆಂಪೆಂದರೆ ಪ್ಲಸ್ ಎಂದು ಕೈ ಪಳಗಿದ ಎಲೆಕ್ಟ್ರಿಶಿಯನ್ ಇಲ್ಲಿ ಎಡವುವುದು ಸಹಜ. ಕೆ ಟೈಪ್‌ನಲ್ಲಿ ಮೈನಸ್ ತಂತಿ, ಅಂದರೆ ಅಲ್ಯುಮೆಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಅನುಮಾನ ಬಂದಾಗ ಬಣ್ಣವನ್ನು ನಂಬುವ ಬದಲು ಜೇಬಿನಲ್ಲಿ ಚಿಕ್ಕದೊಂದು ಅಯಸ್ಕಾಂತ ಇಟ್ಟುಕೊಳ್ಳುವುದು ಒಳ್ಳೆಯದು.

ಕ್ಯಾಲಿಬ್ರೇಶನ್ ಆರಂಭಿಸುವ ಮುನ್ನ ಎಷ್ಟು ಹೊತ್ತು ಕಾಯಬೇಕು?

ಪ್ಯಾನಲ್‌ಗೆ ವಿದ್ಯುತ್ ಕೊಟ್ಟು ಕನಿಷ್ಠ ಅರ್ಧ ಗಂಟೆ, ಕೈಪಿಡಿ ಹೆಚ್ಚು ಹೇಳಿದ್ದರೆ ಅಷ್ಟು. ನಡುವೆ ಕರೆಂಟ್ ಹೋಗಿ ಬಂದರೆ ಮತ್ತೆ ಮೊದಲಿನಿಂದ ಕಾಯಬೇಕು. ಕೆಲಸ ಮಾಡುವಾಗ ಪ್ಯಾನಲ್ ಬಾಗಿಲು ಪೂರ್ತಿ ತೆರೆದಿಟ್ಟರೆ ಟರ್ಮಿನಲ್ ಬ್ಲಾಕ್‌ನ ಉಷ್ಣತೆ ಬದಲಾಗುತ್ತದೆ, ಹಾಗಾಗಿ ತಂತಿಗಳನ್ನು ಹೊರಗೆಳೆದು ಬಾಗಿಲನ್ನು ಆದಷ್ಟು ಮುಚ್ಚುವುದು ಒಳ್ಳೆಯದು. ಪ್ಯಾನಲ್ ಎಸಿಯ ಗಾಳಿ ಟರ್ಮಿನಲ್ ಬ್ಲಾಕ್‌ಗೆ ನೇರವಾಗಿ ಬೀಳುವಂತಿದ್ದರೆ ಅದನ್ನು ತಿರುಗಿಸದೆ ಕ್ಯಾಲಿಬ್ರೇಶನ್ ಮಾಡುವುದರಲ್ಲಿ ಅರ್ಥವಿಲ್ಲ.

ಎಷ್ಟು ಬಿಂದುಗಳಲ್ಲಿ ಪರೀಕ್ಷಿಸಬೇಕು?

ವ್ಯಾಪ್ತಿಯ ಆರಂಭ, ಮಧ್ಯ ಮತ್ತು ಕೊನೆ, ಈ ಮೂರು ಕನಿಷ್ಠ. ಐದು ಬಿಂದುಗಳಾದರೆ ಒಳ್ಳೆಯದು. ಇಲ್ಲಿ ವ್ಯಾಪ್ತಿ ಎಂದರೆ ಮಾಡ್ಯೂಲ್ ಓದಬಲ್ಲ 1300 ಡಿಗ್ರಿಯಲ್ಲ, ನಿಮ್ಮ ಯಂತ್ರ ನಿಜವಾಗಿ ಬಳಸುವ ವ್ಯಾಪ್ತಿ. ಹಾಲಿನ ಪುಡಿಯ ಡ್ರೈಯರ್‌ನ ಬಿಸಿ ಗಾಳಿ 200 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಆ ಸುತ್ತಲಿನ ಬಿಂದುಗಳಿಗೆ ಹೆಚ್ಚು ಗಮನ ಕೊಡಿ. ಅದೇ ಡೇರಿಯ ಪಾಶ್ಚರೀಕರಣದಲ್ಲಿ, 72 ಡಿಗ್ರಿಯಲ್ಲಿ 15 ಸೆಕೆಂಡು ಹಾಲನ್ನು ಹಿಡಿದಿಡುವ ಜಾಗದಲ್ಲಿ, ಸಾಮಾನ್ಯವಾಗಿ ಇರುವುದು ಪಿಟಿ100 ಆರ್‌ಟಿಡಿ, ಅಂದರೆ ಉಷ್ಣತೆಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್. ಅದರ ಮಾಡ್ಯೂಲ್‌ಗೆ ಮಿಲಿವೋಲ್ಟ್ ಅಲ್ಲ, ಓಮ್ ಕೊಟ್ಟು ಪರೀಕ್ಷಿಸಬೇಕು: 0 ಡಿಗ್ರಿಗೆ 100 ಓಮ್, 100 ಡಿಗ್ರಿಗೆ 138.51 ಓಮ್.

ಓದು ಒಂದೇ ಕಡೆ ನಿಲ್ಲುವುದಿಲ್ಲ, ಎರಡು ಮೂರು ಡಿಗ್ರಿ ಆಡುತ್ತಿರುತ್ತದೆ. ಈ ಸ್ಥಿತಿಯಲ್ಲಿ ಕ್ಯಾಲಿಬ್ರೇಟ್ ಮಾಡಬಹುದೇ?

ಮೊದಲು ಆಟ ನಿಲ್ಲಿಸಿ, ಆಮೇಲೆ ಕ್ಯಾಲಿಬ್ರೇಟ್ ಮಾಡಿ. ಹೊರದೇಶದಿಂದ ಬಂದ ಕೆಲವು ಮಾಡ್ಯೂಲ್‌ಗಳ ಫಿಲ್ಟರ್ 60 ಹರ್ಟ್ಸ್‌ಗೆ ಹೊಂದಿಸಿದ ಸ್ಥಿತಿಯಲ್ಲೇ ಇರುತ್ತದೆ. ನಮ್ಮ ವಿದ್ಯುತ್ ಸಪ್ಲೈ 50 ಹರ್ಟ್ಸ್, ಆ ಒಂದು ಸೆಟ್ಟಿಂಗ್ ಬದಲಿಸಿದರೆ ಎಷ್ಟೋ ವೇಳೆ ಓದು ಶಾಂತವಾಗುತ್ತದೆ. ಕೇಬಲ್‌ನ ಶೀಲ್ಡನ್ನು ಎರಡೂ ತುದಿಗಳಲ್ಲಿ ಅರ್ತ್ ಮಾಡಿದ್ದರೆ ಒಂದನ್ನು ಬಿಡಿಸಿ. ಡ್ರೈವ್‌ನ (ಮೋಟರ್‌ನ ವೇಗ ನಿಯಂತ್ರಿಸುವ ಸಾಧನ) ಮೋಟರ್ ಕೇಬಲ್ ಜತೆಗೆ ಒಂದೇ ಟ್ರೇಯಲ್ಲಿ ಥರ್ಮೋಕಪಲ್ ಕೇಬಲ್ ಓಡುತ್ತಿದ್ದರೆ ಅದನ್ನು ಬೇರ್ಪಡಿಸಿ.

ಓಪನ್ ಸರ್ಕ್ಯೂಟ್ ಪತ್ತೆ ಹಚ್ಚುವ ವ್ಯವಸ್ಥೆಯಿಂದ ಓದಿನಲ್ಲಿ ತಪ್ಪು ಬರುತ್ತದೆಯೇ?

ಬರಬಹುದು. ತಂತಿ ತುಂಡಾಗಿದೆಯೇ ಎಂದು ತಿಳಿಯಲು ಮಾಡ್ಯೂಲ್ ಅತಿ ಸಣ್ಣ ಕರೆಂಟನ್ನು ಸೆನ್ಸರ್‌ನ ಮೂಲಕ ಹರಿಸುತ್ತದೆ. ಆ ಕರೆಂಟ್ 0.1 ಮೈಕ್ರೋಆಂಪಿಯರ್ ಎಂದುಕೊಂಡರೆ, ಉದ್ದವಾದ ತೆಳು ಕೇಬಲ್‌ನ ರೆಸಿಸ್ಟೆನ್ಸ್ 500 ಓಮ್ ಇದ್ದಾಗ 50 ಮೈಕ್ರೋವೋಲ್ಟ್ ಸೇರಿಕೊಳ್ಳುತ್ತದೆ, ಕೆ ಟೈಪ್‌ನಲ್ಲಿ ಅದು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಚಿಕ್ಕ ಲೀಡ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿ ಸರಿ ಬಂದ ಚಾನೆಲ್, ಫೀಲ್ಡ್ ಕೇಬಲ್ ಕಟ್ಟಿದ ಮೇಲೆ ತಪ್ಪುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಆ ವ್ಯವಸ್ಥೆಯನ್ನು ಆಫ್ ಮಾಡಿ ಯಂತ್ರ ಓಡಿಸಬೇಡಿ. ತುಂಡಾದ ಸೆನ್ಸರ್ ತಣ್ಣಗಿರುವಂತೆ ಕಂಡರೆ ಬರ್ನರ್ ನಿಲ್ಲುವುದೇ ಇಲ್ಲ.

ವರ್ಷದಲ್ಲಿ ಯಾವಾಗ ಮಾಡುವುದು ಒಳ್ಳೆಯದು?

ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಾಕು. ಆದರೆ ಲೆಕ್ಕಪತ್ರದ ಅನುಕೂಲಕ್ಕೆ ಮಾರ್ಚ್‌ನಲ್ಲಿ ಮಾಡಿ ಮುಗಿಸುವ ಪದ್ಧತಿ ಮಲೆನಾಡಿಗೆ ಹೊಂದುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ತೇವ ಸೆನ್ಸರ್ ಹೆಡ್‌ಗಳಲ್ಲಿ, ಜಂಕ್ಷನ್ ಬಾಕ್ಸ್‌ಗಳಲ್ಲಿ ಕುಳಿತು ಟರ್ಮಿನಲ್‌ಗಳಿಗೆ ಕಿಲುಬು ಹಿಡಿಸುತ್ತದೆ. ಗ್ಲಾಸ್ ಫೈಬರ್ ಹೊದಿಕೆಯ ಕೇಬಲ್ ಒದ್ದೆಯಾದರೆ ತಾನೇ ಒಂದು ಬ್ಯಾಟರಿಯಂತೆ ವರ್ತಿಸಿ ಸುಳ್ಳು ವೋಲ್ಟೇಜ್ ಹುಟ್ಟಿಸಬಲ್ಲದು. ಆದ್ದರಿಂದ ಮಳೆ ಹಿಂದೆಗೆದ ಮೇಲೆ, ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ ಡ್ರೈಯರ್‌ಗಳಿಗೆ ಬಿಡುವಿಲ್ಲದಂತಾಗುವ ಮೊದಲು, ಅಕ್ಟೋಬರ್‌ನಲ್ಲಿ ಮಾಡುವುದು ನನ್ನ ದೃಷ್ಟಿಯಲ್ಲಿ ಸೂಕ್ತ.

ನಮ್ಮದೇ ಕ್ಯಾಲಿಬ್ರೇಟರ್‌ನಿಂದ ಮಾಡಬಹುದೇ, ಹೊರಗಿನ ಲ್ಯಾಬ್‌ನವರೇ ಬೇಕೇ?

ನೀವೇ ಮಾಡಬಹುದು. ಎರಡು ಷರತ್ತುಗಳಿವೆ. ಕ್ಯಾಲಿಬ್ರೇಟರ್‌ನ ನಿಖರತೆ ಮಾಡ್ಯೂಲ್‌ಗೆ ನೀವು ಇಟ್ಟಿರುವ ಮಿತಿಗಿಂತ ನಾಲ್ಕು ಪಟ್ಟು ಉತ್ತಮವಾಗಿರಬೇಕು ಎಂಬುದು ರೂಢಿಯ ನಿಯಮ. ಮಿತಿ ±2 ಡಿಗ್ರಿ ಇದ್ದರೆ ಕ್ಯಾಲಿಬ್ರೇಟರ್ ತನ್ನ ಕೋಲ್ಡ್ ಜಂಕ್ಷನ್‌ನ ದೋಷವನ್ನೂ ಸೇರಿಸಿ ±0.5 ಡಿಗ್ರಿಯೊಳಗಿರಬೇಕು. ಎರಡನೆಯದಾಗಿ, ಆ ಕ್ಯಾಲಿಬ್ರೇಟರ್‌ಗೆ ಐಎಸ್‌ಒ/ಐಇಸಿ 17025 (ಲ್ಯಾಬ್‌ಗಳ ಸಾಮರ್ಥ್ಯದ ಮಾನದಂಡ) ಪ್ರಕಾರ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿ) ಮಾನ್ಯತೆ ಪಡೆದ ಲ್ಯಾಬ್‌ನ ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಇರಬೇಕು. ಆಡಿಟ್‌ಗೆ ಬಂದವರು ಮೊದಲು ಕೇಳುವುದು ಅದನ್ನೇ.

ದೋಷ ಕಂಡ ಕೂಡಲೇ ಹೊಂದಾಣಿಕೆ ಮಾಡಬೇಕೇ?

ಮಿತಿಯೊಳಗಿದ್ದರೆ ಮುಟ್ಟಬೇಡಿ. ಪ್ರತಿ ವರ್ಷ ಅರ್ಧ ಡಿಗ್ರಿಯನ್ನು ಆಚೀಚೆ ತಿದ್ದುತ್ತಿದ್ದರೆ ಮಾಡ್ಯೂಲ್ ನಿಜವಾಗಿ ಯಾವ ಕಡೆಗೆ ಸರಿಯುತ್ತಿದೆ ಎಂಬುದು ಎಂದಿಗೂ ತಿಳಿಯುವುದಿಲ್ಲ. ಮಿತಿ ಮೀರಿದ್ದರೆ, ತಿದ್ದುವ ಮೊದಲಿನ ಓದುಗಳನ್ನು ಎಲ್ಲ ಬಿಂದುಗಳಲ್ಲಿ ಬರೆದುಕೊಂಡು, ತಿದ್ದಿದ ನಂತರದ ಓದುಗಳನ್ನೂ ಅದರ ಪಕ್ಕದಲ್ಲೇ ಬರೆಯಿರಿ. ತಿದ್ದುವ ಮೊದಲಿನ ಓದುಗಳನ್ನು ಅನೇಕರು ಬರೆಯುವುದಿಲ್ಲ, ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಬೆಲೆಯಿರುವುದು ಅವಕ್ಕೇ. ಕಳೆದ ತಿಂಗಳುಗಳಲ್ಲಿ ತಯಾರಾದ ಸರಕು ಸರಿಯಾದ ಉಷ್ಣತೆಯಲ್ಲಿ ತಯಾರಾಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಮಾತ್ರ ಸಿಗುತ್ತದೆ.

ಕೆಲವು ಮಾಡ್ಯೂಲ್‌ಗಳಲ್ಲಿ ಬಳಕೆದಾರರು ಹೊಂದಾಣಿಕೆ ಮಾಡಲು ಅವಕಾಶವೇ ಇಲ್ಲ. ಅಂಥವನ್ನು ಪರೀಕ್ಷಿಸಬಹುದು, ಮಿತಿ ಮೀರಿದರೆ ಬದಲಿಸಬೇಕು ಅಥವಾ ತಯಾರಕರಿಗೆ ಕಳುಹಿಸಬೇಕು.

ಮಾಡ್ಯೂಲ್ ಬದಲಿಗೆ ಪಿಎಲ್‌ಸಿ ಪ್ರೋಗ್ರಾಮ್‌ನಲ್ಲೇ ಆಫ್‌ಸೆಟ್ ಸೇರಿಸಿದರೆ ಸಾಲದೇ?

ಸೇರಿಸಬಹುದು, ಆದರೆ ಎಲ್ಲಿ, ಯಾವಾಗ, ಯಾರು, ಏಕೆ ಸೇರಿಸಿದರು ಎಂಬುದು ಕ್ಯಾಲಿಬ್ರೇಶನ್ ಹಾಳೆಯಲ್ಲೂ ಪ್ರೋಗ್ರಾಮ್‌ನ ಟಿಪ್ಪಣಿಯಲ್ಲೂ ಇರಲೇಬೇಕು. ಹಾಸನದ ಕಡೆಯ ಒಂದು ಕುಲುಮೆಯಲ್ಲಿ ಮಾಡ್ಯೂಲ್‌ನ ಸೆಟ್ಟಿಂಗ್‌ನಲ್ಲಿ ಒಂದು, ಪ್ರೋಗ್ರಾಮ್‌ನಲ್ಲಿ ಇನ್ನೊಂದು, ಆಪರೇಟರ್ ಪರದೆಯ ಸ್ಕೇಲಿಂಗ್‌ನಲ್ಲಿ ಮತ್ತೊಂದು, ಹೀಗೆ ಮೂರು ಆಫ್‌ಸೆಟ್‌ಗಳನ್ನು ಒಟ್ಟಿಗೆ ಕಂಡಿದ್ದೇನೆ. ಮೂರೂ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆಯವರು, ಒಬ್ಬರಿಗೊಬ್ಬರು ಹೇಳದೆ ಹಾಕಿದ್ದವು. ಹಳೆಯ ಸೆನ್ಸರ್ ತೆಗೆದು ಹೊಸದನ್ನು ಹಾಕಿದ ದಿನ ಆ ಮೂರನ್ನೂ ಸೊನ್ನೆ ಮಾಡಿದಾಗ ಓದು ತಾನಾಗಿ ಸರಿಯಾಯಿತು. ಸೆನ್ಸರ್‌ನ ದೋಷವನ್ನು ಆಫ್‌ಸೆಟ್‌ನಿಂದ ಮುಚ್ಚಿದ್ದರೆ, ಆ ಸೆನ್ಸರ್ ಬದಲಾದ ದಿನವೇ ಆಫ್‌ಸೆಟ್ ತೆಗೆಯಬೇಕೆಂದು ಸೆನ್ಸರ್ ಹೆಡ್‌ಗೇ ಒಂದು ಟ್ಯಾಗ್ ಕಟ್ಟಿಡಿ. ಪ್ಯಾನಲ್‌ನಲ್ಲಿ ಅಂಟಿಸಿದ ಚೀಟಿಯನ್ನು ಸೆನ್ಸರ್ ಬದಲಿಸುವ ಫಿಟ್ಟರ್ ನೋಡುವುದಿಲ್ಲ.